ಎಂಪಿ ದುಡ್ಡು, ನೀರಿನ ಘಟಕದ ಬೋರ್ಡು

ನಿನ್ನೆ ರಾತ್ರಿ ನಮ್ಮ ಮನಿ ಗುಂಪಿನ್ಯಾಗ ನಡೆದ ಜಗಳ ಇದು. ನಾವಿರೋದು ಗಂಗಾವತಿ, ಕಾಕಾ ಸಿಂಧನೂರು, ಮಾಮಾ ಸಿರುಗುಪ್ಪ ಕಡೆ. ಜಿಲ್ಲಾ ಮೂರು, ಎಂಪಿ ಒಬ್ಬರೇ, ಕೊಪ್ಪಳ ಕ್ಷೇತ್ರ.

ಕಾಕಾ: (ಫಾರ್ವರ್ಡ್) ಪ್ರತಿ ಎಂಪಿ ಕೈಗೆ 5 ವರ್ಷಕ್ಕ 25 ಕೋಟಿ!! ಎಲ್ಲಿ ಹೋತು ಕೇಳ್ರಿ, 10 ಗುಂಪಿಗೆ ಕಳಸ್ರಿ

ಕಾಕಾ: ನೋಡ್ರಪಾ ಹೆಂಗ ನುಂಗ್ತಾರ

ನಾನು: ಕಾಕಾ ಇದು ಅರ್ಧ ಸುಳ್ಳೈತ್ರಿ. ಕ್ಷೇತ್ರದ ಕೆಲಸಕ್ಕ ಎಂಪಿ ಫಂಡು ಅಂತ ವರ್ಷಕ್ಕ 5 ಕೋಟಿ ಅನ್ನೋದು ಖರೆ, 2011-12ರಿಂದ ಅಷ್ಟೈತಿ, ಆದ್ರ ಅದು ಎಂಪಿ ಕೈಗೆ ಬರಂಗಿಲ್ಲ, ಇಂಥ ಊರಾಗ ಇಂಥ ಕೆಲಸ ಆಗ್ಬೇಕು ಅಂತ ಅವರು ಪತ್ರ ಕೊಡ್ತಾರ, ಮಂಜೂರು ಮಾಡೋದು ಡಿಸಿ ಆಫೀಸು. ಮತ್ತ ಕೊರೊನಾದಾಗ 2020 ಏಪ್ರಿಲ್‌ಗೆ ಈ ದುಡ್ಡು ನಿಲ್ಲಿಸಿದ್ರು, 2021 ನವೆಂಬರ್‌ಗೆ ಚಾಲೂ ಮಾಡಿದ್ರು, ಆ ವರ್ಷಕ್ಕ ಬರೇ 2 ಕೋಟಿ. 2019ರಿಂದ 24ರ ತನಕ ಕೂಡಿಸಿದ್ರ ಒಬ್ಬ ಎಂಪಿಗೆ 17 ಕೋಟಿ ಆಗತೈತಿ, 25 ಅಲ್ಲ

ತಮ್ಮ (ಬೆಂಗಳೂರು): ಅಕ್ಕ ನೀ ಅವರ ಪರ ಮಾತಾಡಾಕತ್ತಿ ಅನ್ಸತೈತಿ

ನಾನು: ಯಾರ ಪರನೂ ಅಲ್ಲೋ. ತಪ್ಪು ಅಂಕಿ ಹಿಡ್ಕೊಂಡು ಹೋದ್ರ ಅವರು ಅಂಕಿನೇ ತಪ್ಪೈತಿ ಅಂತ ತೋರ್ಸಿ ಎದ್ದು ಹೋಗ್ತಾರ. ಕೇಳೋದನ್ನ ಸರಿಯಾಗಿ ಕೇಳೂಣು, ಯಾವ ಊರು, ಯಾವ ಕೆಲಸ, ಎಷ್ಟು ದುಡ್ಡು, ಮುಗದೈತೋ ಇಲ್ಲೋ

ಭಾವ: ಎಂಪಿ ಅಂದ್ರ ದಿಲ್ಲಿಗೆ ಹೋಗಿ ಕಾನೂನು ಮಾಡೋರ್ರಿ, ಚರಂಡಿ ಸಿಸಿ ರೋಡು ನೋಡಾಕ ಪಂಚಾಯ್ತಿ ಅದಾವ ಎಮ್ಮೆಲ್ಲೆ ಅದಾರ, ಎಲ್ಲಾ ಅವರಿಗೇ ಕೇಳಿದ್ರ ಹೆಂಗ

ನಾನು: ಭಾವ, ದಿಲ್ಲಿ ಲೆಕ್ಕಾನೂ ಕೇಳೋದೈತ್ರಿ. ಎಷ್ಟು ದಿನ ಸದನಕ್ಕ ಹೋದ್ರು, ಏನ್ ಪ್ರಶ್ನಿ ಕೇಳಿದ್ರು ಅನ್ನೋದು ಲೋಕಸಭೆ ವೆಬ್‌ಸೈಟಿನ್ಯಾಗ ಸಿಗತೈತಿ, ಮಂತ್ರಿ ಆದೋರದು ಹಾಜರಿ ಇರಂಗಿಲ್ಲ. ಆದ್ರ ಜಿಲ್ಲಾದಾಗ ದಿಶಾ ಸಭೆ ಅಂತ ಐತಲ್ರಿ, 2016ರಾಗ ಮಾಡಿದ್ದು, ಅಧ್ಯಕ್ಷರು ಎಂಪಿನೇ, ಮೂರು ತಿಂಗಳಿಗೊಮ್ಮೆ ಕೂಡ್ಬೇಕು, ಉದ್ಯೋಗ ಖಾತ್ರಿಯಿಂದ ಹಿಡ್ದು ಕೇಂದ್ರದ ಯೋಜನಾ ಎಲ್ಲಾ ಅಲ್ಲೇ ತಿರುವಿ ನೋಡ್ಬೇಕು. ಪೇಪರಿನ್ಯಾಗ ಅಧಿಕಾರಿಗಳಿಗೆ ತರಾಟೆ ಅಂತ ಫೋಟೋ ಬರತೈತಿ, ಬೈದಿದ್ದಕ್ಕ ಮುಂದಿನ ಸಭೆಯಾಗ ಏನ್ ಉತ್ತರ ಬಂತು ಅಂತ ಯಾರಾರ ನಮಗ ಹೇಳ್ಯಾರೇನ್ರಿ? ನನಗ ಸಿಟ್ಟು ಬರೋದು ಅಲ್ಲೇ

ಚಿಗವ್ವ: ನೀರಿನ ಮಷಿನ್ ಬಂದ್ ಆಗಿ ಎಷ್ಟು ದಿನಾ ಆತು ಅದನ್ನ ಕೇಳ್ರವ್ವ ಮೊದ್ಲು

ಮಾಮಾ: ಹಾಂ ಅದನ್ನ ನಾ ಹೇಳ್ತೀನಿ. ನಮ್ಮೂರ ಗುಡಿ ಬಾಜೂಕ ಶುದ್ಧ ನೀರಿನ ಘಟಕ ಐತಿ, ಕಾಯಿನ್ ಹಾಕೋ ತೂತಿಗೆ ಕರೇ ಟೇಪ್ ಬಡದಾರ, ನಳದ ಕೆಳಗ ನಾಯಿ ಮಲಗತಾವ, ಹೆಣಮಕ್ಕಳು ಕೊಡ ತಗೊಂಡು ಕಾಲುವಿ ದಾಟಿ ಹೋಗ್ತಾರ. ಕಟ್ಟಿಸಿದೋರ್ಯಾರು ಅಂತ ನೋಡಾಕ ಹೋದ್ರ ಬೋರ್ಡಿನ ಮ್ಯಾಲೆ ಸುಣ್ಣ ಬಳದಾರ, ಎಂಪಿ ದುಡ್ಡೋ ಎಮ್ಮೆಲ್ಲೆ ದುಡ್ಡೋ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿ) ದುಡ್ಡೋ ಗೊತ್ತಾಗವಲ್ದು. ಒಂದು ಆಫೀಸಿಗೆ ಹೋದೆ, ನಮ್ಮದಲ್ಲ ಆ ಜಿಲ್ಲಾಕ್ಕ ಹೋಗ್ರಿ ಅಂದ್ರು, ಅಲ್ಲಿ ಹೋದ್ರ ನಿಮ್ಮ ತಾಲೂಕು ನಮ್ಮ ಜಿಲ್ಲಾದಾಗ ಇಲ್ಲಲ್ರಿ ಅಂದ್ರು, ಬಸ್ ಚಾರ್ಜು ಹೋತು, ಒಂದು ದಿನದ ಕೂಲಿ ಹೋತು

ತಮ್ಮ: ಛೇ

ನಾನು: ಮಾಮಾ, ನಮ್ಮ ಕ್ಷೇತ್ರ ಮೂರು ಜಿಲ್ಲಾದಾಗ ಹರಡೈತಲ್ರಿ, ಹಂಗಿದ್ರ ಎಂಪಿ ಒಂದು ಜಿಲ್ಲಾ ಆರಿಸ್ಕೋಬೇಕು, ಅದಕ್ಕ ನೋಡಲ್ ಜಿಲ್ಲಾ ಅಂತಾರ, ಫಂಡಿನ ಒಟ್ಟು ಲೆಕ್ಕ ಅಲ್ಲಿರತೈತಿ. ಇದನ್ನ ನಿಮಗ ಮೊದಲ ಆಫೀಸಿನ್ಯಾಗೇ ಹೇಳ್ಬೇಕಿತ್ತು. ಇನ್ನ ಎಂಪಿ ಫಂಡಿನ ನಿಯಮದಾಗ ಕೆಲಸದ ಜಾಗದಾಗ ಬೋರ್ಡು ಹಾಕ್ಬೇಕು ಅಂತೈತಿ, ಮುಂದ ನಡಸ್ಕೊಂಡು ಹೋಗೋರ್ಯಾರು ಅಂತ ಮೊದಲೇ ಬರಸ್ಕೋಬೇಕು ಅಂತೈತಿ. ಆ ಕಾಗದ ಇದ್ದ್ರ ರಿಪೇರಿ ಯಾರ ಮಾಡ್ಬೇಕು ಅಂತ ಅದರಾಗೇ ಐತಿ

ಭಾವ: ಅದು ಎಂಪಿ ದುಡ್ಡು ಅಂತ ಗ್ಯಾರಂಟಿ ಏನು

ನಾನು: ಇಲ್ರಿ ಭಾವ, ಅದಕ್ಕೇ ಕೇಳಾಕತ್ತಿದ್ದು. ಯಾರ ದುಡ್ಡು ಅಂತ ಜನರಿಗೆ ಗೊತ್ತಾಗದಂಗ ಇದ್ರ ಯಾರನ್ನ ಕೇಳೋದು, ಎಲ್ಲರೂ ಪಾರಾಗ್ತಾರ. ಉದ್ಘಾಟನಾದ ದಿನ ಮೂರು ಫ್ಲೆಕ್ಸ್ ಕಟ್ಟೋರು ವರ್ಷಕ್ಕೊಮ್ಮೆ ಒಂದು ಹಾಳಿ ಪಂಚಾಯ್ತಿ ಗ್ವಾಡಿಗೆ ಹಚ್ಚಲಿ, ಇಷ್ಟು ಬಂತು, ಇಂತಿಂಥ ಊರಿಗೆ ಕೊಟ್ಟೆ, ಇಷ್ಟು ಉಳದೈತಿ ಅಂತ. ಯಾವ ಪಾರ್ಟಿಯವರೇ ಇರ್ಲಿ

ಕಾಕಾ: ಅದು ಖರೆ ಬಿಡವ್ವ. ನಾ ಆ ಫಾರ್ವರ್ಡ್ ತಗದ್ಬಿಡ್ತೀನಿ, ಬ್ಯಾರೆ ಗುಂಪಿಗೂ ಹಾಕಿದ್ದೆ

ತಮ್ಮ: ಆರ್‌ಟಿಐ ನಾ ಬರೀತೀನಿ ಅಕ್ಕ, 10 ರೂಪಾಯಿ ಫೀ ಅಲ್ಲಾ

ನಾನು: ಹೂಂನಪ, 30 ದಿನದಾಗ ಉತ್ತರ ಕೊಡ್ಬೇಕು. ಉದ್ದ ಬರೀಬ್ಯಾಡ, ಆ ಘಟಕ ಯಾವ ಯೋಜನಾದಾಗ, ಯಾವ ವರ್ಷ, ಎಷ್ಟಕ್ಕ, ನಿರ್ವಹಣೆ ಯಾರಿಗೆ ಕೊಟ್ಟಾರ, ನಾಕ ಪ್ರಶ್ನಿ ಸಾಕು. ಮಾಮಾ, ಬೋರ್ಡಿಂದು ಹತ್ರ ಹೋಗಿ ಒಂದು ಫೋಟೋ ತಗೀರಿ, ಸುಣ್ಣದ ಕೆಳಗ ಅಕ್ಷರ ಕಂಡ್ರೂ ಕಾಣಬಹುದು

ಮಾಮಾ: ನಾಳೆ ಮುಂಜಾನಿ ಹಾಲು ಹಾಕಾಕ ಹೋಗ್ತೀನಲ್ಲ, ಒದ್ದಿ ಅರಿವಿ ತಗೊಂಡು ಹೋಗಿ ಒರಸಿ ತಗೀತೀನಿ