ಪದ ಬೇಕು: 'ಏಜ್ ಆಫ್ ಎಕ್ಸ್‌ಪ್ಲೊರೇಶನ್'ಗೆ ಅನ್ವೇಷಣೆಯೋ ಹುಡುಕಾಟವೋ?

ಎಲ್ಲರಿಗೂ ನಮಸ್ಕಾರ. ಒಂದು ಪ್ರೌಢಶಾಲೆಯ ಇತಿಹಾಸ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. 'ಏಜ್ ಆಫ್ ಎಕ್ಸ್‌ಪ್ಲೊರೇಶನ್'ಗೆ ಏನು ಹಾಕಲಿ? ಎಂಟನೇ ತರಗತಿಯ ಮಗು ನಿಂತು ಓದುವ ಹಾಗಿರಬೇಕು. ನನಗೆ ತೋಚಿದ್ದು 'ಪರಿಶೋಧನಾ ಯುಗ'. ಅದರ ಕೆಳಗಿನ ಸಾಲು ಹೀಗಿದೆ: '1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿತು. ಆದ್ದರಿಂದ ಯುರೋಪಿನವರು ಹೊಸ ಜಲಮಾರ್ಗಗಳನ್ನು ಅನ್ವೇಷಿಸಿದರು.'

*

'ಪರಿಶೋಧನೆ' ಬೇಡ. ಅದು ಲೆಕ್ಕಪತ್ರ ನೋಡುವವರ ಮಾತು. 'ಭೌಗೋಳಿಕ ಅನ್ವೇಷಣೆ' ಪಠ್ಯಪುಸ್ತಕದಲ್ಲೇ ಇದೆ. ಅದನ್ನೇ ಹಾಕಿ.

*

ಪಠ್ಯದಲ್ಲಿದೆ ಅಂದ ಮಾತ್ರಕ್ಕೆ ಸರಿ ಆಗಿಬಿಡುತ್ತದಾ? 'ಅನ್ವೇಷಣೆ'ಯ ಒಳಗಿರುವ 'ಏಷಣ'ಕ್ಕೂ ಬಯಸಿ ಹುಡುಕುವುದು ಅಂತಲೇ ಅರ್ಥ. ಹಾಗಿದ್ದ ಮೇಲೆ ನಮ್ಮ 'ಹುಡುಕು' ಏನು ತಪ್ಪು ಮಾಡಿದೆ?

ಇಲ್ಲಿ 'ಹುಡುಕು' ಬೇಕೇ ಬೇಕು ಅನ್ನಲು ಕಾರಣ ಇದೆ. 1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆ ಹತ್ತಿರ ಲಂಗರು ಹಾಕಿದವು. ಗಾಮ ತಾನು ಮೊದಲು ಇಳಿಯಲಿಲ್ಲ. ಜೊತೆಗೆ ಕರೆತಂದಿದ್ದ ಒಬ್ಬ ಶಿಕ್ಷೆಯಾದ ಅಪರಾಧಿಯನ್ನು ದಡಕ್ಕೆ ಕಳಿಸಿದ. ಅಲ್ಲಿ ಉತ್ತರ ಆಫ್ರಿಕಾದ ಟ್ಯುನಿಸ್ ಕಡೆಯ ಇಬ್ಬರು ಮುಸ್ಲಿಮರು ಸಿಕ್ಕರು. ಇಷ್ಟು ದೂರ ಏನು ಹುಡುಕಿಕೊಂಡು ಬಂದಿರಿ ಅಂತ ಕೇಳಿದರು. ಕ್ರೈಸ್ತರನ್ನು, ಸಾಂಬಾರ ಪದಾರ್ಥಗಳನ್ನು ಅಂತ ಉತ್ತರ ಬಂತು. ಆ ಪ್ರಯಾಣದ ದಿನಚರಿಯಲ್ಲೇ ಇದು ಇದೆ. ಅಲ್ಲಿರುವ ಪೋರ್ಚುಗೀಸ್ ಕ್ರಿಯಾಪದ 'ಬುಸ್ಕಾರ್', ಅಂದರೆ ಹುಡುಕು.

ಕಾಳುಮೆಣಸು ಯುರೋಪಿನವರಿಗೆ ಹೊಸದಲ್ಲ. ವೆನಿಸ್‌ನವರು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕೊಂಡು ಯುರೋಪಿನಲ್ಲಿ ಮಾರುತ್ತಿದ್ದರು. ಚಿನ್ನವೂ ಗೊತ್ತಿತ್ತು, ಒಂಟೆಗಳ ಮೇಲೆ ಸಹಾರ ದಾಟಿ ಬರುತ್ತಿತ್ತು. ಮುಸ್ಲಿಂ ನಾಡುಗಳ ಆಚೆ ಪ್ರೆಸ್ಟರ್ ಜಾನ್ ಎಂಬ ಕ್ರೈಸ್ತ ದೊರೆ ಇದ್ದಾನೆ ಅಂತ ನಂಬಿದ್ದರು. ಬೇಕಿದ್ದದ್ದು ನಡುವೆ ಯಾರಿಗೂ ಲಾಭ ಬಿಟ್ಟುಕೊಡದೆ ಅಲ್ಲಿಗೆ ಮುಟ್ಟುವ ದಾರಿ. ಅದಕ್ಕೆ 'ಕಡಲದಾರಿಯ ಹುಡುಕಾಟ' ಅನ್ನಿ.

ಫಲಕದ ಸಾಲಿನ ಆ 'ಆದ್ದರಿಂದ' ಕಿತ್ತುಹಾಕಿ. ಪೋರ್ಚುಗೀಸರು ಆಫ್ರಿಕಾದ ಸೆಯುಟಾ ಬಂದರು ಹಿಡಿದದ್ದು 1415ರಲ್ಲಿ. ಅವರ ನಾವಿಕ ಗಿಲ್ ಈಯನೆಸ್ ಪಶ್ಚಿಮ ಆಫ್ರಿಕಾದ ಬೊಜದೋರ್ ಭೂಶಿರ ದಾಟಿದ್ದು 1434ರಲ್ಲಿ. 1453 ಆಮೇಲೆ ಬಂತು. ಮೆಣಸಿನ ದೊಡ್ಡ ದಾರಿ ಇದ್ದದ್ದು ಈಜಿಪ್ಟ್ ಮೂಲಕ. ಅದು ತುರ್ಕರ ಕೈಗೆ ಹೋದದ್ದು 1517ರಲ್ಲಿ, ಗಾಮ ಇಲ್ಲಿ ಬಂದಿಳಿದ 19 ವರ್ಷದ ಮೇಲೆ.

*

'ಹುಡುಕಾಟ ಯುಗ' ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಸಮಾಸ. ಒಪ್ಪುವುದಿಲ್ಲ.

ಇನ್ನೊಂದು ಮಾತು. 'ಹುಡುಕಾಟ' ಅಂದರೆ ಏನೂ ಪಾಪವರಿಯದ ಕೆಲಸದ ಹಾಗೆ ಕೇಳುತ್ತದೆ. 1444ರಲ್ಲಿ ಪೋರ್ಚುಗಲ್‌ನ ಲಾಗೋಸ್ ಊರಿಗೆ ಆಫ್ರಿಕಾದಿಂದ 235 ಜನರನ್ನು ಹಿಡಿದು ತಂದು, ದಡದ ಬಯಲಲ್ಲಿ ಹಂಚಿಕೊಂಡರು. ತಾಯಿ ಒಂದು ಪಾಲಿಗೆ, ಮಗು ಇನ್ನೊಂದು ಪಾಲಿಗೆ. ಇದೂ ಹುಡುಕಾಟವಾ?

ಕನ್ನಡವೇ ಬೇಕು ಅನ್ನುವವರು ಆ ಹಡಗುಗಳಲ್ಲಿ ಬಂದವರ ಮಾತಿನಿಂದ ಬಂದ 'ಚಾವಿ', 'ಪಾದ್ರಿ'ಗಳನ್ನೂ ಆಚೆ ಹಾಕುತ್ತೀರಾ?

*

'ಹುಡುಕಾಟದ ಕಾಲ' ಅಂದರೆ ಷಷ್ಠಿ ವಿಭಕ್ತಿ ಬಿಟ್ಟಿಲ್ಲ, ಸಮಾಸವೇ ಆಗಲಿಲ್ಲ. ಎಲ್ಲಿಯ ಅರಿಸಮಾಸ?

ಚಾವಿ ಬಂದರೆ ಬರಲಿ. ಆದರೆ 'ಬೀಗದಕೈ'ಯನ್ನು ಸುಮ್ನೆ ಬಿಟ್ಟುಕೊಟ್ಟರೆ ನೋವಾಗುತ್ತದೆ. ಅದೇ ಪೋರ್ಚುಗೀಸರು ಅಮೆರಿಕದಿಂದ ಒಂದು ಖಾರದ ಕಾಯಿ ತಂದರು. ನಮ್ಮವರು ಅದಕ್ಕೆ ಹೊರಗಿನ ಹೆಸರು ತರಲಿಲ್ಲ. ಮನೆಯಲ್ಲಿದ್ದ ಮೆಣಸಿನಿಂದಲೇ ಮೆಣಸಿನಕಾಯಿ ಮಾಡಿಕೊಂಡರು. ಈಗ ಅದು ಎರವಲು ಅಂತ ಯಾರಿಗಾದರೂ ಅನಿಸುತ್ತದಾ? ನಮಗೆ ಬರಬೇಕಾದ ಧೈರ್ಯ ಅದು.

ಲಾಗೋಸ್ ವಿಷಯ ನಿಜ, ಅದನ್ನು ಮರೆಮಾಡಬಾರದು. 'ಅನ್ವೇಷಣೆ' ಹಾಕಿದರೂ ಮರೆಯಾಗುವುದು ಅದೇ, ಅಲ್ವಾ? ಅದಕ್ಕೆ ಬೇರೆ ಸಾಲು ಬರೆಯಿರಿ.

*

ಎಲ್ಲರಿಗೂ ವಂದನೆ. ಫಲಕ ಹೀಗೆ ಕಳಿಸುತ್ತಿದ್ದೇನೆ:

'ಕಡಲದಾರಿಯ ಹುಡುಕಾಟದ ಕಾಲ. ಮೆಣಸು, ಚಿನ್ನ, ಜೊತೆಗೆ ನಿಲ್ಲುವ ಕ್ರೈಸ್ತ ದೊರೆ: ಇವಿಷ್ಟನ್ನು ಹುಡುಕಿ ಪೋರ್ಚುಗೀಸರು 1415ರಿಂದ ಆಫ್ರಿಕಾದ ಕರಾವಳಿ ಹಿಡಿದು ಕೆಳಗಿಳಿದರು. ದಾರಿಯಲ್ಲಿ ಸಿಕ್ಕ ಜನರನ್ನು ಹಿಡಿದು ಮಾರಿದರು. 1498ರಲ್ಲಿ ಕಲ್ಲಿಕೋಟೆ ತಲುಪಿದರು.'

1453ನ್ನು ಪೂರ್ತಿ ತೆಗೆದೆ. ಶಾಲೆಯವರು ಕೇಳಿದರೆ ನಿಮ್ಮ 1517 ಹೇಳುತ್ತೇನೆ.

*

'ಕಡಲದಾರಿ' ಕೂಡಿಸಿಯೇ ಬರೆಯಿರಿ. ಫ್ಲೆಕ್ಸ್ ಅಂಗಡಿಯವರು ಬಿಡಿಸಿಬಿಡುತ್ತಾರೆ, ಪ್ರೂಫ್ ನೋಡದೆ ಪ್ರಿಂಟ್‌ಗೆ ಬಿಡಬೇಡಿ.