ಲ್ಯಾಪ್‌ಟಾಪ್‌ನಲ್ಲೇ ಸರ್ವರ್: ಕೇಳಿ, ಹೇಳುತ್ತೇನೆ

ರಾತ್ರಿ ಒಂಬತ್ತರಿಂದ ಹತ್ತರವರೆಗೆ ಈ ಗುಂಪಿನಲ್ಲಿ ಇರುತ್ತೇನೆ. ಪರದೆಯ ಮೇಲೆ ಬಂದ ದೋಷದ ಸಾಲನ್ನು ಪೂರ್ತಿ ಬರೆಯಿರಿ. ‘ಆಗುತ್ತಿಲ್ಲ’ ಎಂದಷ್ಟೇ ಬರೆದರೆ ನನಗೂ ಆಗುವುದಿಲ್ಲ. (ಸರ್ವರ್ ನಿರ್ವಾಹಕ, ಬೆಳಗಾವಿ)

ವಿಜಯಪುರದ ವಿದ್ಯಾರ್ಥಿನಿ: ಸರ್, ಒಣದ್ರಾಕ್ಷಿ ದರ ತೋರಿಸುವ ಪುಟ ಮಾಡಿದ್ದೇನೆ. ಫೈಲ್ ಮೇಲೆ ಎರಡು ಸಲ ಒತ್ತಿದರೆ ಪುಟ ತೆರೆಯುತ್ತದೆ, ದರದ ಪಟ್ಟಿ ಮಾತ್ರ ಖಾಲಿ.

ಉತ್ತರ: ಹಾಗೆ ತೆರೆದ ಪುಟಕ್ಕೆ ದರಗಳಿರುವ ಪಕ್ಕದ ಜೇಸನ್ ಫೈಲನ್ನು ಓದಲು ಬ್ರೌಸರ್ ಬಿಡುವುದಿಲ್ಲ. ಕೇಳಿದ ಫೈಲನ್ನು ಕೊಡುವ ಸರ್ವರ್ ಬೇಕು. ಆ ಫೋಲ್ಡರಿನಲ್ಲಿ ಟರ್ಮಿನಲ್ (ಆಜ್ಞೆ ಬರೆಯುವ ಕಿಟಕಿ) ತೆರೆದು ‘ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್’ ಓಡಿಸಿ, ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್:8000’ ಹಾಕಿ.

ನವನಗರ, ಬಾಗಲಕೋಟೆ: ನನ್ನದೂ ಪಟ್ಟಿ ಖಾಲಿ ಸರ್.

ಉತ್ತರ: ಮೇಲೆ ಓದಿ.

ಮುಧೋಳ: ಸರ್, ಲ್ಯಾಪ್‌ಟಾಪ್‌ನಲ್ಲಿ ನನ್ನ ಪುಟ ಕ್ಯಾಮೆರಾ ತೆರೆಯುತ್ತದೆ. ಮೊಬೈಲಿನಿಂದ ಅದೇ ಸರ್ವರಿಗೆ ಬಂದರೆ ತೆರೆಯುವುದಿಲ್ಲ. ಏಕೆ?

ಟಿಳಕವಾಡಿ, ಪಿ.ಜಿ.: ಸರ್, ಪಿ.ಜಿ. ವೈಫೈನಲ್ಲಿ ನಿನ್ನೆಯಿಂದ ಇದೇ ಸರ್ವರ್ ಓಡಿಸುತ್ತಿದ್ದೇನೆ. ಪಕ್ಕದ ಕೋಣೆಯವನು ನನ್ನ ಆಧಾರ್ ಕಾರ್ಡನ್ನು ತನ್ನ ಮೊಬೈಲಿನಲ್ಲಿ ತೋರಿಸಿ ನಕ್ಕ. ಹ್ಯಾಕ್ ಆಯಿತೇ?

ಉತ್ತರ: ಯಾವ ಫೋಲ್ಡರಿನಿಂದ ಓಡಿಸಿದೆ?

ಟಿಳಕವಾಡಿ, ಪಿ.ಜಿ.: ಹೋಮ್. ನನ್ನ ಫೈಲೆಲ್ಲ ಇರುವ ಫೋಲ್ಡರ್.

ಉತ್ತರ: ಹ್ಯಾಕ್ ಅಲ್ಲ ತಮ್ಮಾ, ಎಲೆ ಹಾಕಿ ನೀನೇ ಬಡಿಸಿದ್ದೀಯ. ಯಾವ ವಿಳಾಸದಲ್ಲಿ ಓಗೊಡಬೇಕೆಂದು ಹೇಳದಿದ್ದರೆ ಈ ಸರ್ವರ್ ನಿನ್ನ ಯಂತ್ರಕ್ಕಷ್ಟೇ ಅಲ್ಲ, ಅದೇ ವೈಫೈನಲ್ಲಿರುವ ಎಲ್ಲರಿಗೂ ಓಗೊಡುತ್ತದೆ. ಫೋಲ್ಡರಿನಲ್ಲಿ ಇಂಡೆಕ್ಸ್ ಎಂಬ ಮೊದಲ ಪುಟ ಇಲ್ಲದಿದ್ದರೆ ಒಳಗಿರುವುದರ ಪಟ್ಟಿಯನ್ನೇ ಮುಂದಿಡುತ್ತದೆ. ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲುಗಳೂ ಅದರಲ್ಲಿರುತ್ತವೆ. ‘ಕಂಟ್ರೋಲ್ ಸಿ’ ಒತ್ತಿ ನಿಲ್ಲಿಸು. ಆದರೆ ಟರ್ಮಿನಲ್ ಮುಚ್ಚಬೇಡ! ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ಫೈಲ್ ಕೇಳಿದರು ಎಂಬುದು ಸಾಲುಸಾಲಾಗಿ ಅಲ್ಲಿದೆ. 200 ಎಂದಿದ್ದರೆ ಫೈಲ್ ಹೋಗಿದೆ, 404 ಎಂದಿದ್ದರೆ ಸಿಕ್ಕಿಲ್ಲ. ಇನ್ನು ಮುಂದೆ ಬೇರೆ ಫೋಲ್ಡರ್ ಮಾಡಿಕೊಂಡು, ಆಜ್ಞೆಯ ಕೊನೆಗೆ ‘--ಬೈಂಡ್ 127.0.0.1’ ಸೇರಿಸಿ ಓಡಿಸು, ಆಗ ನಿನ್ನ ಯಂತ್ರಕ್ಕಷ್ಟೇ ಓಗೊಡುತ್ತದೆ.

ಜಮಖಂಡಿ: ನಮ್ಮ ಗುಂಪಿಗೆ ಬಂದ ಸಂದೇಶ ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗ: ‘ಮೊಬೈಲಿನಲ್ಲಿ ಪುಟ ಬಾರದಿದ್ದರೆ ಫೈರ್‌ವಾಲ್ ಆಫ್ ಮಾಡಿ, ಸುಡೋ ಹಾಕಿ ಪೋರ್ಟ್ 80ರಲ್ಲಿ ಓಡಿಸಿ.’

ಉತ್ತರ: ಯಾರೂ ಮಾಡಬೇಡಿ. ಈಗಷ್ಟೇ ಒಬ್ಬನ ಆಧಾರ್ ಬೀದಿಗೆ ಬಂದದ್ದನ್ನು ಓದಿಯೂ ಇದನ್ನು ಹಾಕುತ್ತೀರಲ್ಲ! ಫೈರ್‌ವಾಲ್ ಹೊರಗಿನವರನ್ನು ತಡೆಯುವ ಗೋಡೆ. ಸುಡೋ ಹಾಕಿದರೆ ಆ ಸರ್ವರಿಗೆ ಇಡೀ ಯಂತ್ರದ ಬೀಗದ ಕೈ ಕೊಟ್ಟಂತೆ. ಮೇಲೆ ಹೇಳಿದ ಪೋರ್ಟ್ 8000ಕ್ಕೆ ಸುಡೋ ಬೇಕಿಲ್ಲ.

ಜಮಖಂಡಿ: ಕಳಿಸಿದವರು ಇಂಜಿನಿಯರ್.

ಉತ್ತರ: ಇರಲಿ.

ಗೋಕಾಕ: ಪೈಥಾನ್ ಸರ್ವರಿಗೆ ಫಾರ್ಮ್ ತುಂಬಿ ಕಳಿಸಿದರೆ (ಪೋಸ್ಟ್) 501 ಬರುತ್ತದೆ, ಅಂದರೆ ಆ ಕೆಲಸ ಅದಕ್ಕೆ ಬಾರದು. ಪಿಎಚ್‌ಪಿಯಲ್ಲಿ 5.4ನೇ ಆವೃತ್ತಿಯಿಂದಲೇ ಸರ್ವರ್ ಇದೆ, ಅದನ್ನೇ ಹೇಳಬಹುದಿತ್ತು.

ಇಳಕಲ್: ಆ ಹುಡುಗಿಗೆ ಬೇಕಾದದ್ದು ದರದ ಪಟ್ಟಿ, ನಿಮ್ಮ ಫಾರ್ಮ್ ಅಲ್ಲ.

ಗೋಕಾಕ: ನಾನು ನಿಮ್ಮನ್ನು ಕೇಳಲಿಲ್ಲ.

ಇಳಕಲ್: ಗುಂಪಿನಲ್ಲಿ ಬರೆದರೆ ಗುಂಪು ಓದುತ್ತದೆ ರೀ.

ಮುಧೋಳ: ಸರ್, ಕ್ಯಾಮೆರಾ?

ಅಥಣಿ: ಪಟ್ಟಿ ಖಾಲಿ ಬರುತ್ತಿದೆ, ಏನು ಮಾಡಲಿ?

ಉತ್ತರ: ಓದಿ.

ಟಿಳಕವಾಡಿ, ಪಿ.ಜಿ.: ಸರ್, ಸಾಲುಗಳನ್ನು ನೋಡಿದೆ. ಎರಡು ಬೇರೆ ಬೇರೆ ವಿಳಾಸಗಳಿವೆ. ಒಂದು ಪಕ್ಕದ ಕೋಣೆಯವನದು. ಇನ್ನೊಂದು ಪಾಸ್‌ವರ್ಡ್ ಬರೆದಿಟ್ಟ ಫೈಲ್ ಕೇಳಿದೆ. ಮುಂದೆ 200 ಇದೆ.

ಉತ್ತರ: ಆ ಪಾಸ್‌ವರ್ಡುಗಳನ್ನೆಲ್ಲ ಈಗಲೇ ಬದಲಿಸು, ಬ್ಯಾಂಕಿನದು ಮೊದಲು. ಪಿ.ಜಿ. ವೈಫೈ ಬೇಡ, ಮೊಬೈಲ್ ಡೇಟಾದಲ್ಲಿ ಮಾಡು. ಮುಗಿದ ಮೇಲೆ ನನಗೆ ನೇರವಾಗಿ ಬರೆ. ಉಳಿದವರು ನಾಳೆ ಬನ್ನಿ.

ಮುಧೋಳ: ಸರ್?