ವರ್ಷವರ್ಷ ತಾನಾಗಿ ಹೂ ಬಿಡುವ ಗೆಡ್ಡೆ ಕಾರವಾರದಲ್ಲಿ ಆಗುತ್ತದಾ?

ಕೋಡಿಬಾಗ ಹಿತ್ತಿಲು:
ಶ್ರೀನಗರಕ್ಕೆ ಹೋದಾಗ ದಾಲ್ ಸರೋವರದ ಹತ್ತಿರದ ಟ್ಯೂಲಿಪ್ ತೋಟ ನೋಡಿ ತಲೆ ಕೆಟ್ಟು ಹೋಯಿತು, ಬರುವಾಗ ಒಂದು ಡಜನ್ ಗೆಡ್ಡೆ ಕೊಂಡು ತಂದೆ. ನವೆಂಬರಿನಲ್ಲಿ ನೆಟ್ಟೆ. ಎಲೆ ಬಂತು, ಹೂವಿಲ್ಲ. ಅತ್ತೆ ದಿನಾ "ನೀರುಳ್ಳಿ ಯಾವಾಗ ಕೀಳುತ್ತೀಯೇ" ಎಂದು ಕೇಳುತ್ತಿದ್ದರು. ಜೂನ್ ಮಳೆಗೆ ಎಲ್ಲಾ ಕೊಳೆತು ನಾತ. ಒಮ್ಮೆ ನೆಟ್ಟರೆ ಪ್ರತಿ ವರ್ಷ ಬರುತ್ತದೆ ಅಂತಲೇ ಕೊಟ್ಟಿದ್ದರು. ತಪ್ಪು ನನ್ನದಾ? ನಮ್ಮದು ಮರಳು ಮಣ್ಣು, ಸಮುದ್ರ ಹತ್ತಿರ.

ಶಿರಸಿಯ ಡೇರೆ ಹುಚ್ಚಿ:
ನಿಮ್ಮ ತಪ್ಪಲ್ಲ ಮಾರಾಯ್ರೆ. ಟ್ಯೂಲಿಪ್ ಗೆಡ್ಡೆಗೆ ಸುಮಾರು 12ರಿಂದ 16 ವಾರ 10 ಡಿಗ್ರಿಗಿಂತ ಕಡಿಮೆ ಚಳಿ ಬೇಕು, ಆಗ ಮಾತ್ರ ಹೂವಿನ ದಂಟು ಉದ್ದ ಆಗುವುದು. ಕಾರವಾರದಲ್ಲಿ ಜನವರಿ ರಾತ್ರಿಯೂ ಫ್ಯಾನ್ ಬೇಕು, ಅಲ್ವಾ? ನಮ್ಮ ಶಿರಸಿ ಚಳಿಯೂ ಅದಕ್ಕೆ ಸಾಲದು. ನಾವು ಇಲ್ಲಿ ಡೇರೆ ಹೂವು, ಅಂದರೆ ಡೇಲಿಯಾ, ನಂಬಿಕೊಂಡವರು. ಮಳೆ ಶುರುವಿಗೆ ನೆಟ್ಟರೆ ಚೌತಿ ಹೊತ್ತಿಗೆ ಅಂಗಳ ತುಂಬ ಹೂವು. ಗಿಡ ಒಣಗಿದ ಮೇಲೆ ಗೆಡ್ಡೆ ಅಗೆದು ಒಣ ಮರಳಿನಲ್ಲಿ ಇಡುತ್ತೇನೆ. ಒಂದು ಮಾತು ಹೇಳಲೇಬೇಕು, ಏಕೆಂದರೆ ನಾನೇ ಎರಡು ವರ್ಷ ಮೋಸ ಹೋದವಳು: ಡೇರೆಯ ಮೊಳಕೆ ಗೆಡ್ಡೆಯ ಹೊಟ್ಟೆಯಿಂದ ಬರುವುದಿಲ್ಲ, ಹಳೆ ದಂಟಿಗೆ ಅಂಟಿದ ಕುತ್ತಿಗೆಯಲ್ಲಿ ಬರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಸುಮ್ನೆ ಮಣ್ಣಲ್ಲಿ ಬಿದ್ದಿರುತ್ತದೆ.

ಕೋಡಿಬಾಗ ಹಿತ್ತಿಲು:
ಹಾಗಾದರೆ ಫ್ರಿಜ್ಜಿನಲ್ಲಿ ಇಟ್ಟು ನೆಟ್ಟರೆ?

ಶಿರಸಿಯ ಡೇರೆ ಹುಚ್ಚಿ:
ಒಂದು ಸಲ ಹೂ ಬರಬಹುದು. ಆದರೆ ಹಣ್ಣಿನ ಜೊತೆ ಇಡಬೇಡಿ, ಹಣ್ಣಾಗುವಾಗ ಬಿಡುವ ಗಾಳಿಗೆ ಒಳಗಿನ ಮೊಗ್ಗು ಸಾಯುತ್ತದೆ. ಮರುವರ್ಷ ಮತ್ತೆ ಬರುವ ಆಸೆ ಬಿಡಿ, ನಮ್ಮ ಸೆಕೆಗೆ ಗೆಡ್ಡೆ ಮತ್ತೆ ತುಂಬಿಕೊಳ್ಳುವುದಿಲ್ಲ.

ಕುಮಟಾ ಮಾವ:
ಇಷ್ಟೆಲ್ಲಾ ತಾಪತ್ರಯ ಏಕೆ? ಟ್ಯೂಲಿಪ್‌ನಂಥ ಚಳಿ ಊರಿನ ಗೆಡ್ಡೆ ಚಳಿ ನೋಡಿ ಏಳುತ್ತದೆ, ನಮ್ಮಲ್ಲಿ ಬದುಕುವ ಗೆಡ್ಡೆ ಮಳೆ ನೋಡಿ ಏಳುತ್ತದೆ. ಫುಟ್‌ಬಾಲ್ ಲಿಲ್ಲಿ ಹಾಕಿ. ದೀಪಾವಳಿ ಕಳೆದ ಮೇಲೆ ಎಲೆ ಹಳದಿಯಾಗಿ ಮಲಗುತ್ತದೆ, ಬೇಸಿಗೆಯಲ್ಲಿ ಅಲ್ಲಿ ಗಿಡ ಇತ್ತು ಅನ್ನುವುದೇ ಗೊತ್ತಾಗುವುದಿಲ್ಲ, ನಮ್ಮ ಮನೆಯಲ್ಲಿ ಒಮ್ಮೆ ಅದರ ಮೇಲೇ ತೆಂಗಿನ ಸಿಪ್ಪೆ ರಾಶಿ ಹಾಕಿದ್ದರು. ಮೇ ತಿಂಗಳ ಮೊದಲ ಅಡ್ಡ ಮಳೆ ಬೀಳಲಿ, ಎಲೆಗಿಂತ ಮುಂಚೆ ಕೆಂಪು ಚೆಂಡು ಎದ್ದು ನಿಲ್ಲುತ್ತದೆ. ನೀವು ಮಾಡಬೇಕಾದ್ದು ಎರಡೇ. ಹೂ ಮುಗಿದ ಮೇಲೆ ಎಲೆ ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿಗೆ ಊಟ ಅದೇ ಎಲೆ ಕೂಡಿಡುವುದು. ಮತ್ತೆ ಜೂನ್‌ನಲ್ಲಿ ನೀರು ನಿಲ್ಲದ ಹಾಗೆ ಏರಿ ಮಾಡಿ ನೆಡಿ. ನಿಮ್ಮ ಮರಳು ಮಣ್ಣು ಅದಕ್ಕೆ ಒಳ್ಳೆಯದೇ, ಸ್ವಲ್ಪ ಸಗಣಿ ಗೊಬ್ಬರ ಸೇರಿಸಿದರೆ ಸಾಕು. ಕಾಂಪೌಂಡ್ ಹೊರಗೆ ಉಪ್ಪುಗಾಳಿ ಹೊಡೆಯುವಲ್ಲಿ ಬಿಳಿ ಸ್ಪೈಡರ್ ಲಿಲ್ಲಿ ಹಾಕಿ. ಎರಡೂ ವಿಷದ ಗೆಡ್ಡೆ, ಮಕ್ಕಳ ಕೈಗೆ ಸಿಗದಿರಲಿ.

ಕೋಡಿಬಾಗ ಹಿತ್ತಿಲು:
ಅಯ್ಯೋ, ಈ ಕೆಂಪು ಚೆಂಡು ತವರಿನಲ್ಲಿ ಬಾವಿ ಕಟ್ಟೆ ಪಕ್ಕ ಇತ್ತು! ಅಮ್ಮ ಅದನ್ನು ಮಳೆ ಹೂ ಅನ್ನುತ್ತಿದ್ದರು. ಈಗ ಅಗೆದು ತರಬಹುದಾ ಮಾವ?

ಕುಮಟಾ ಮಾವ:
ಮಲಗಿರುವಾಗಲೇ ತನ್ನಿ, ಏಪ್ರಿಲ್ ಒಳಗೆ. ಜಾಗ ಅಮ್ಮನ ಹತ್ತಿರ ಕೇಳಿ ಅಗೆಯಿರಿ, ಇಲ್ಲಾಂದ್ರೆ ಗುದ್ದಲಿ ಗೆಡ್ಡೆ ಮೇಲೇ ಬೀಳುತ್ತದೆ.